ವಾಪಸು ಕೊಡದ ಚಾಕು

ಸಾಣೆ ಕಾಕಾನ ಎಡಗಿವಿಯ ತುಂಬ ಬಿಳಿ ಕೂದಲು, ಅದರ ಮೇಲೊಂದು ಪೆನ್ಸಿಲ್ ತುಂಡು. ಮಡಚುವ ಚಾಕು ಕೈಗೆ ಬಂದರೆ ಅದನ್ನು ಬಿಡಿಸಿ, ಆ ಕಿವಿಯ ಹತ್ತಿರ ಹಿಡಿದು ಅಲಗನ್ನು ಮೆಲ್ಲ ಅಲ್ಲಾಡಿಸುತ್ತಿದ್ದರು. ಆಮೇಲೆ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಬಲವಾಗಿ ಒತ್ತುತ್ತಿದ್ದರು. ಇಷ್ಟು ಮಾಡಿ ಏನೂ ಹೇಳುತ್ತಿರಲಿಲ್ಲ. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಮಾಣಿ ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಬೀಗ, ಕೊಡೆ, ಚಾಕು ರಿಪೇರಿಯ ಅಂಗಡಿ ಅವರದು. ನಾವೆಲ್ಲ ಸಾಣೆ ಕಾಕಾ ಎನ್ನುತ್ತಿದ್ದೆವು. ನಾನು ನರ್ಸರಿಯಲ್ಲಿ ಹಲಸು, ಜಾಯಿಕಾಯಿಗೆ ಕಸಿ ಕಟ್ಟುವವಳು. ತಮ್ಮ ದುಬೈಯಿಂದ ತಂದುಕೊಟ್ಟ ಮಡಚುವ ಚಾಕುವೇ ನನ್ನ ಬಲಗೈ. ವರ್ಷಗಟ್ಟಲೆ ಬಳಸಿ ಅದರ ಅಲಗು ಅತ್ತಿತ್ತ ಅಲ್ಲಾಡತೊಡಗಿತು. ಸೀಳು ನೇರ ಬರಲಿಲ್ಲವೆಂದರೆ ಕಸಿ ಕೂಡುವುದಿಲ್ಲ. ಗಿಡಗಳು ಸಾಲಾಗಿ ಒಣಗಿದವು, ಯಜಮಾನರ ಮುಖ ಗಂಟಿಕ್ಕಿತು.

ಚಾಕುವನ್ನು ಕಾಕಾನ ಅಂಗಡಿಯಲ್ಲಿ ಕೊಟ್ಟು ಮೂರು ಸಲ ಅಲೆದೆ. ಮೂರು ಸಲವೂ ಇನ್ನೊಂದು ವಾರ ಎಂದರು. ನಾಲ್ಕನೆಯ ಸಲ ಚಾಕುವನ್ನು ಕಿತ್ತುಕೊಂಡಂತೆ ತಂದು, ಮನೆಯಲ್ಲಿ ನಾನೇ ಅದರ ಸ್ಕ್ರೂ ಬಿಗಿ ಮಾಡಿದೆ. ಅಲ್ಲಾಟ ನಿಂತಿತು. ಇಷ್ಟಕ್ಕೆ ಒಂದು ತಿಂಗಳು ಬೇಕಿತ್ತೇ ಎಂದು ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ.

ಎರಡನೆಯ ದಿನ ಹಲಸಿನ ಅಂಟಿಗೆ ಅಲಗು ಸಿಕ್ಕಿಬಿತ್ತು. ಹಿಂದಕ್ಕೆ ಎಳೆದದ್ದಷ್ಟೆ, ಚಾಕು ತೋರುಬೆರಳಿನ ಮೇಲೆ ಮಡಚಿಕೊಂಡಿತು. ನಾಲ್ಕು ಹೊಲಿಗೆ. ಬೆರಳು ಉಳಿದದ್ದೇ ದೊಡ್ಡದು ಎಂದರು ಡಾಕ್ಟರು.

ಬ್ಯಾಂಡೇಜಿನ ಕೈಯಲ್ಲೇ ಜಗಳಕ್ಕೆ ಹೋದೆ. ಮನುಷ್ಯ ಮೊದಲು ನೋಡಿದ್ದು ಚಾಕುವನ್ನು, ಆಮೇಲೆ ನನ್ನ ಕೈಯನ್ನು.

"ಅಲ್ಲಾಟ ಬೇರೆ, ಬಿಡಿಸಿದ ಅಲಗನ್ನು ಹಿಡಿದಿಡುವ ಲಾಕ್ ಬೇರೆ ಅಕ್ಕಾ. ನೀವು ಅಲ್ಲಾಟ ನಿಲ್ಲಿಸಿದ್ದು. ಲಾಕಿನ ಹಲ್ಲು ಸವೆದದ್ದು ಹಾಗೆಯೇ ಉಂಟು. ಅಲ್ಲಾಡ್ತಾ ಇದ್ದಿದ್ರೆ ನೀವು ಹೆದರಿಯಾದ್ರೂ ಜಾಗ್ರತೆಯಲ್ಲಿ ಹಿಡೀತಿದ್ರಿ."

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ನನ್ನ ಚಾಕುವನ್ನು ಡ್ರಾಯರಿಗೆ ಹಾಕಿದರು. ಮೇಜಿನ ಕೆಳಗಿನಿಂದ ಮರದ ಹಿಡಿಯ ಒಂದು ಚಾಕು ತೆಗೆದು ಮುಂದಿಟ್ಟರು. ಮಡಚಲು ಬಾರದ, ನೋಡಲು ಚಂದವಿಲ್ಲದ, ಅವರೇ ಮಾಡಿದ ಚಾಕು. "ನಿಮ್ಮದು ಸರಿಯಾಗುವವರೆಗೆ ಇದರಲ್ಲಿ ಮಾಡಿ."

ಆಮೇಲೆ ಎರಡು ವರ್ಷ ಆ ದಾರಿಯಲ್ಲಿ ಹೋದಾಗಲೆಲ್ಲ ನನ್ನ ಚಾಕು ಕೇಳಿದೆ. ತಮ್ಮ ಕೊಟ್ಟದ್ದು ಕಾಕಾ ಎಂದು ಬೇಡಿದೆ, ಬೈದೆ, ಮಾತು ಬಿಟ್ಟೆ. ಅವರದು ಒಂದೇ ಮಾತು: "ಆಗಲಿಲ್ಲ, ಇನ್ನೊಮ್ಮೆ ಬನ್ನಿ."

ಹೋದ ವರ್ಷ ಕಾಕಾ ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ ಅವರ ಮಗಳು ನನ್ನನ್ನು ಕರೆಸಿ ಒಂದು ಪೊಟ್ಟಣ ಕೊಟ್ಟಳು. ಒಳಗೆ ನನ್ನ ಚಾಕು, ಎಣ್ಣೆ ಹಚ್ಚಿ ಫಳಫಳ ಹೊಳೆಯುತ್ತಿತ್ತು. ಸುತ್ತಿದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದರು: 'ನರ್ಸರಿ ಅಕ್ಕನದ್ದು. ಹಲ್ಲು ನಿಲ್ಲುವುದಿಲ್ಲ. ತಮ್ಮ ಕೊಟ್ಟದ್ದಂತೆ, ಹೇಳಲು ಮನಸ್ಸಾಗಲಿಲ್ಲ. ಕೊಡಬಾರದು.'

ಅವರ ಮೇಜಿನ ಅಂಚಿಗೇ ಅಲಗಿನ ಬೆನ್ನನ್ನು ಒತ್ತಿ ನೋಡಿದೆ. ಮಡಚಿಕೊಂಡಿತು.

ಒಂದು ಮಾತು ಹೇಳಿದ್ದರೆ ನಾನು ಅಷ್ಟು ಸಲ ಬೈಯುತ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಬೆಳಿಗ್ಗೆಯೂ ಅವರ ಮರದ ಹಿಡಿಯ ಚಾಕುವಿನಲ್ಲೇ ನಲವತ್ತು ಗಿಡಗಳಿಗೆ ಕಸಿ ಕಟ್ಟಿದೆ. ಹತ್ತು ಬೆರಳೂ ಇವೆ.