ಬೆಳಗಿನ ಮುಖ, ಮಧ್ಯಾಹ್ನದ ಮುಖ

ಈಚೆಗೆ ನನ್ನ ಮೇಲೊಬ್ಬ ಯಜಮಾನ ಬಂದು ಕೂತಿದ್ದಾನೆ. ವಾಸ ನನ್ನ ಅಂಗಿಯ ಜೇಬಿನಲ್ಲಿ. ಏಳನೆಯ ತರಗತಿಗೇ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಬಸ್ಸು ಹತ್ತಿದವನು ನಾನು. ನಾಸಿಕದಲ್ಲಿ ಇನ್ನೊಬ್ಬರ ಹೋಟೆಲಿನ ಲೋಟ ತೊಳೆದು, ಪಂಚವಟಿಯಲ್ಲಿ ಸ್ವಂತದ್ದೊಂದು ಇಟ್ಟ ಮೇಲೆ ನನಗೆ ‘ಏಳು, ಕೂರು’ ಎನ್ನುವವರು ಯಾರೂ ಇರಲಿಲ್ಲ. ಈಗ ಫೋನು ಹೇಳುತ್ತದೆ. ಮಾತ್ರೆ ನುಂಗು ಎನ್ನುತ್ತದೆ, ನೀರು ಕುಡಿ ಎನ್ನುತ್ತದೆ, ಸ್ವಲ್ಪ ಹೊತ್ತು ಮಲಗು ಎನ್ನುತ್ತದೆ. ಕಡೆಯ ಮಾತನ್ನು ನಾನು ಯಜಮಾನನಾಗಿದ್ದಷ್ಟು ಕಾಲ ಯಾರಿಗೂ ಹೇಳಿದವನಲ್ಲ.

ಇದಕ್ಕೆಲ್ಲ ಕಾರಣ ನನ್ನ ಎಡಗಾಲು. ಒಂದು ಬೆಳಿಗ್ಗೆ ತರಕಾರಿಗೆ ಹೊರಟಾಗ ಆ ಕಾಲಿನ ಚಪ್ಪಲಿ ಓಣಿಯಲ್ಲಿ ಕಳಚಿ ಬಿದ್ದಿತು. ನಾನು ನಡೆಯುತ್ತಲೇ ಇದ್ದೆ. ಮೆಂತ್ಯದ ಸೊಪ್ಪು ಮಾರುವ ಮುದುಕಿ ಹಿಂದಿನಿಂದ ಕೂಗಿದಳು: “ಕಾಯ್ ಅಣ್ಣಾ, ಸಕಾಳೀ ಸಕಾಳೀ ಘೇತಲೀ ಕಾ?” ಬೆಳ್ಳಂಬೆಳಿಗ್ಗೆಯೇ ಏರಿಸಿದೆಯಾ ಎಂದು. ಕಾಫಿಗಿಂತ ಗಟ್ಟಿಯಾದದ್ದನ್ನು ಎಂದೂ ಕುಡಿಯದವನಿಗೆ ಇಂಥ ಬಿರುದು! ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಬರಿಗಾಲಿಗೆ ನೆಲದ ತಂಪು ತಿಳಿದಿರಲಿಲ್ಲವಲ್ಲ, ಅದು ಮನೆಗೆ ಬರುವವರೆಗೂ ಎದೆಯಲ್ಲಿ ಕುಟ್ಟುತ್ತಿತ್ತು.

ನನ್ನ ಹೆಂಡತಿ ಜಲಜಳ ಅಣ್ಣ ಔರಂಗಾಬಾದಿನಲ್ಲಿ ಹೋಟೆಲಿಟ್ಟಿದ್ದಾನೆ. ಅಲ್ಲಿಯ ನರರೋಗದ ಡಾಕ್ಟರೊಬ್ಬರ ಬಳಿಗೆ ಅವನೇ ಕರೆದೊಯ್ದ. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಹೆಸರು ನಾಲಿಗೆಗೆ ಒಗ್ಗಲು ಬಹಳ ದಿನ ಹಿಡಿಯಿತು, ಅರ್ಥವಾಗಲು ಮಾತ್ರ ಅಡುಗೆಮನೆಯ ಗ್ರೈಂಡರನ್ನು ನೆನೆಸಿಕೊಂಡರೆ ಸಾಕಾಯಿತು. ನರಗಳ ಮೇಲಿನ ಹೊದಿಕೆಯನ್ನು ಶರೀರವೇ ಸುಲಿದು ಹಾಕುತ್ತದಂತೆ. ವೈರಿನ ರಬ್ಬರು ಸುಲಿದಾಗ ಗ್ರೈಂಡರು ಒಮ್ಮೆ ತಿರುಗಿ ಒಮ್ಮೆ ನಿಲ್ಲುವುದಿಲ್ಲವೇ, ಹಾಗೆ. ಗ್ರೈಂಡರಿಗಾದರೆ ಹೊಸ ವೈರು ಹಾಕಿಸಬಹುದು.

“ಬಿಸಿ ಈ ಕಾಯಿಲೆಗೆ ಆಗದು,” ಎಂದರು ಡಾಕ್ಟರು. “ಕಾವಲಿಯ ಮುಂದೆ ನಿಲ್ಲುವುದನ್ನು ಬಿಡಬೇಕಾದೀತು. ಈಗಲೇ ಹೇಳುವುದಿಲ್ಲ. ಫೋನಿನಲ್ಲಿ ಒಂದು ಆಪ್ ಇದೆ, ದಿನಾ ಅದಕ್ಕೆ ನಿಮ್ಮ ಸ್ಥಿತಿ ತಿಳಿಸುತ್ತ ಬನ್ನಿ. ಮುಂದಿನ ಸಲ ಅದನ್ನು ನೋಡಿ ತೀರ್ಮಾನಿಸೋಣ.”

ದೋಸೆಯ ಕಾವಲಿ ಬಿಡುವುದೇ? ನಮ್ಮ ಹೋಟೆಲಿನಲ್ಲಿ ಇನ್ನೊಬ್ಬರ ಕೈ ದೋಸೆ ಎರೆದದ್ದಿಲ್ಲ. ಓದಿದವರಿಗೆ ಹೆಸರಿನ ಮುಂದೆ ಹಾಕಿಕೊಳ್ಳಲು ಏನೇನೋ ಅಕ್ಷರಗಳಿರುತ್ತವೆ. ನನಗಿದ್ದದ್ದು ಆ ಕಪ್ಪು ಕಬ್ಬಿಣದ ಚೌಕ. ಅದರ ಮುಂದೆ ನಿಂತಾಗ ನಾನು ಯಾರಿಗೂ ಕಡಿಮೆಯಲ್ಲ.

ಆಪ್ ಹಾಕಿಕೊಟ್ಟವಳು ಕಾಲೇಜಿಗೆ ಹೋಗುವ ಮಗಳು ಅಶ್ವಿನಿ. “ಪಪ್ಪಾ, ಇದು ರೋಜ್ ಎರಡು ಸಲ ಕೇಳ್ತದೆ, ಈಗ ಹೇಗಿದ್ದೀರಿ ಅಂತ. ಒಂದು ಮುಖ ಒತ್ತಬೇಕು. ಖರಂ ಸಾಂಗಾಯ್ಚಂ ಹಾಂ!” ನಿಜ ಹೇಳಬೇಕು ಎಂದು ತಾಕೀತು. ಇಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡದಲ್ಲಿ ಆಜ್ಞೆಗಳೆಲ್ಲ ಮರಾಠಿಯಲ್ಲೇ ಇರುತ್ತವೆ.

ತೆರೆಯ ಮೇಲೆ ಐದು ಹಳದಿ ಮುಖಗಳು: ಬಾಯಿ ತುಂಬ ನಗುವುದರಿಂದ ಹಿಡಿದು ಕಣ್ಣೀರು ಸುರಿಸುವುದರವರೆಗೆ. ಯಕ್ಷಗಾನದಲ್ಲಿ ನವರಸದ ಆಟ ನೋಡುತ್ತ ಬೆಳೆದ ಕರಾವಳಿಯವನಿಗೆ ಐದು ರಸ ಯಾವ ಲೆಕ್ಕ? ಅದರಲ್ಲಿ ಜಂಬದ ಮುಖವೊಂದಿದ್ದರೆ ಕಣ್ಣುಮುಚ್ಚಿ ಅದನ್ನೇ ಒತ್ತುತ್ತಿದ್ದೆ. ಇಲ್ಲದ್ದರಿಂದ ದಿನಾ ಬೆಳಿಗ್ಗೆ ನಗುವ ಮುಖ ಒತ್ತಿದೆ. ಅದು ನನಗೆ ಸುಳ್ಳೆಂದೂ ಅನಿಸಲಿಲ್ಲ. ಗಲ್ಲಾದಲ್ಲಿ ಕೂತವನ ಮುಖ ಸಪ್ಪಗಿದ್ದರೆ ಗಿರಾಕಿಗೆ ಸಾಂಬಾರೂ ಸಪ್ಪೆ. “ಅಣ್ಣಾ, ಕಸಂ ಕಾಯ್?” ಎಂದು ಹೇಗಿದ್ದೀಯೆಂದು ಕೇಳಿದವರು ಉತ್ತರಕ್ಕೆ ನಿಲ್ಲುವುದೂ ಇಲ್ಲ, ಕೈ ತೊಳೆಯಲು ಹೋಗಿರುತ್ತಾರೆ. ಫೋನು ಮಾತ್ರ ಕೇಳಿ ಸುಮ್ಮನೆ ಕಾಯುತ್ತದೆ. ಅಷ್ಟು ಹೊತ್ತು ಕಾಯುವವರೆದುರು ನನಗೆ ಮುಜುಗರ. ಬೇಗ ಒತ್ತಿ ಜೇಬಿಗೆ ಹಾಕಿಬಿಡುತ್ತಿದ್ದೆ. ಮಧ್ಯಾಹ್ನ ಅದು ಕೂಗುವಾಗ ಹಿಂದಿನ ಕೋಣೆಯಲ್ಲಿ ಚಾರ್ಜಿಗೆ ಸಿಕ್ಕಿರುತ್ತಿತ್ತು. ನಾನೂ ಅಲ್ಲೇ, ಅದರದೇ ಆಜ್ಞೆಯಂತೆ ನಿದ್ದೆಯಲ್ಲಿರುತ್ತಿದ್ದೆ.

ಮುಂದಿನ ಸಲ ಔರಂಗಾಬಾದಿಗೆ ಹೋದಾಗ ಡಾಕ್ಟರು ಫೋನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿಸಿದರು. ಆಪ್ ಎಳೆದಿದ್ದ ಗೆರೆ ಗರಗಸದ ಹಲ್ಲಿನಂತಿತ್ತು: ದಿನಾ ಬೆಳಿಗ್ಗೆ ಮೇಲೆ, ದಿನಾ ಮಧ್ಯಾಹ್ನ ಕೆಳಗೆ.

“ಅಣ್ಣಾ, ಬೆಳಿಗ್ಗೆ ನಗು, ಮಧ್ಯಾಹ್ನ ಅಳು. ದಿನಾ ಹೀಗೇ ಆಗುತ್ತದೆಯೇ?”

“ಬೆಳಗಿನದ್ದು ನನ್ನದು. ಮಧ್ಯಾಹ್ನದ್ದು ಯಾರದ್ದೋ ಗೊತ್ತಿಲ್ಲ ಸಾಹೇಬರೆ,” ಎಂದೆ. ಜೊತೆಗೆ ಬಂದಿದ್ದ ಜಲಜ ಫ್ಯಾನು ನೋಡುತ್ತ ಕೂತಿದ್ದಳು.

ಡಾಕ್ಟರು ಫೋನು ಬದಿಗಿಟ್ಟು ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ನೆಲದ ಗೆರೆಯೊಂದರ ಮೇಲೆ ನಡೆಸಿದರು. ಎರಡು ಸಲ ಗೋಡೆ ಹಿಡಿದೆ. “ನಿಮ್ಮ ಕಾಲು ಬೆಳಗಿನಷ್ಟು ಚೆನ್ನಾಗಿಲ್ಲ, ಮಧ್ಯಾಹ್ನದಷ್ಟು ಕೆಟ್ಟೂ ಇಲ್ಲ. ಮಧ್ಯದಲ್ಲೆಲ್ಲೋ ಇದೆ. ಕಾವಲಿ ಇನ್ನು ಬೇಡ,” ಎಂದರು. ಔಷಧಿಯನ್ನೂ ಬದಲಿಸಿ ಬರೆದುಕೊಟ್ಟರು. ಅಷ್ಟು ವರ್ಷದ್ದು ಅಷ್ಟೇ ಹೊತ್ತಿನಲ್ಲಿ ಮುಗಿಯಿತು.

ವಾಪಸು ಬರುವ ಬಸ್ಸು ವೈಜಾಪುರ ಮುಟ್ಟುವ ಹೊತ್ತಿಗೆ ತಡೆಯಲಾಗದೆ ಜಲಜಳತ್ತ ತಿರುಗಿದೆ.

“ಮಧ್ಯಾಹ್ನ ಒತ್ತುತ್ತಿದ್ದದ್ದು ನೀನೇ ಅಲ್ವಾ? ನಾನೆಂತ ಅಷ್ಟು ಹಾಳಾಗಿದ್ದೇನಾ? ಅಳುವ ಮುಖ ಒತ್ತಿ ಒತ್ತಿ ನನ್ನ ಕಾವಲಿ ತೆಗೆಸಿದಿಯಲ್ಲ!”

“ಅದು ನಿಮ್ಮದಲ್ಲ ಮಾರಾಯ್ರೆ.”

“ಮತ್ತೆ ಯಾರದ್ದು?”

“ನನ್ನದು.” ಅವಳು ಕಿಟಕಿಯ ಕಡೆ ತಿರುಗಿದಳು. “ಅದು ಕೂಗ್ತಾ ಇತ್ತು, ನಿಮಗೆ ಎಚ್ಚರ ಆಗ್ತದೆ ಅಂತ ತೆಗೆದೆ. ಹೇಗಿದ್ದೀರಿ ಅಂತ ಕೇಳ್ತದೆ ಅಂತ ಅಶ್ವಿನಿ ಹೇಳಿದ್ದಳಲ್ಲ. ಇಷ್ಟು ವರ್ಷ ನನ್ನನ್ನು ಯಾರೂ ಕೇಳ್ಲಿಲ್ಲ. ಅದು ಕೇಳಿತು, ಹೇಳಿದೆ. ಡಾಕ್ಟ್ರಿಗೆ ಹೋಗ್ತದೆ ಅಂತ ನನಗೆಂತ ಗೊತ್ತು?”

ನಾನು ಕಾವಲಿಯ ಮುಂದೆ ಮೆರೆದಷ್ಟು ಕಾಲವೂ ಇವಳು ಅದರ ಹಿಂದಿನ ಗೋಡೆಯಾಚೆ ಕಾಯಿ ತುರಿಯುತ್ತ, ಹಿಟ್ಟು ರುಬ್ಬುತ್ತ ನಿಂತಿದ್ದಳು. ಅವಳ ಕಾಲು ಹೇಗಿದೆಯೆಂದು ನಾನು ನೋಡಿದವನಲ್ಲ. ಮಧ್ಯಾಹ್ನದ ಆ ಮುಖಗಳನ್ನೆಲ್ಲ ಅವಳು ನನ್ನ ಹಾಸಿಗೆಯ ಪಕ್ಕದಲ್ಲೇ ಕೂತು ಒತ್ತಿರಬೇಕು.

“ಏನಾಗ್ತದೆ ನಿನಗೆ?” ಎಂದೆ. ಕೇಳಿ ಅಭ್ಯಾಸವಿಲ್ಲದ್ದರಿಂದ ದನಿ ಜಗಳದಂತೆಯೇ ಬಂತು.

ಅವಳು ಮೊದಲು ‘ಎಂತದ್ದೂ ಇಲ್ಲ’ ಎಂದಳು. ನಾನು ಕಾದೆ. ಆಮೇಲೆ ನಿಧಾನಕ್ಕೆ ಸೊಂಟದಿಂದ ಶುರುಮಾಡಿದಳು. ಯೇವಲಾ ದಾಟಿದರೂ ಮುಗಿದಿರಲಿಲ್ಲ. ಅಷ್ಟರಲ್ಲಿ ನನ್ನ ಎಡಗಾಲು ಪೂರ್ತಿ ಜೋಮು ಹಿಡಿದು ಮರದ ಕೊರಡಾಗಿತ್ತು. ಹೇಳಲಿಲ್ಲ. ಈ ಸಲ ಅದು ಜಂಬದಿಂದ ಅಲ್ಲ, ಹೇಳಿಕೊಳ್ಳುವ ಸರದಿ ಅವಳದ್ದಾಗಿತ್ತು.