ಕನ್ನಡಿಯಲ್ಲಿ ಉಳಿದ ಬೊಟ್ಟು

“ಇದೇನು ಮೇಡಮ್ಮೋರೆ, ಬೊಟ್ಟಿನ ಚಿತ್ರನಾ?”

ಚನ್ನರಾಯಪಟ್ಟಣದಲ್ಲಿ ನುಗ್ಗೇಹಳ್ಳಿ ಬಸ್ಸು ಹತ್ತಿ ಕೂತು ಪೇಪರ್ ಬಿಡಿಸಿದ್ದೆ. ಪಕ್ಕದ ಸೀಟಿನ ಹೆಂಗಸು ಬಗ್ಗಿ ನೋಡಿ ಕೇಳಿದರು.

ಬೊಟ್ಟಲ್ಲ, ಔಷಧಿಯ ಪಟ್ಟಿ ಎಂದೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ಅಷ್ಟಕ್ಕೇ ಬಿಡಲಿಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿರುತ್ತವೆ, ಚರ್ಮಕ್ಕೆ ಅಂಟಿಸಿಕೊಂಡರೆ ನೋವಿಲ್ಲದೆ ಔಷಧಿ ಒಳಗಿಳಿಯುತ್ತದೆ, ಇನ್ನೂ ಪ್ರಯೋಗದಲ್ಲಿದೆ, ಮುಂದೆ ಸಕ್ಕರೆ ಕಾಯಿಲೆಯವರಿಗೂ ಬರಬಹುದು ಎಂದು ಉತ್ಸಾಹದಿಂದ ವಿವರಿಸಿದೆ.

ಆಕೆ ಪೇಪರನ್ನು ತಮ್ಮ ತೊಡೆಯ ಮೇಲೆಳೆದುಕೊಂಡು ಚಿತ್ರದ ಮೇಲೆ ಬೆರಳಾಡಿಸಿದರು.

“ನಮ್ಮುಡ್ಗೀಗೂ ಸಕ್ಕರೆ ಕಾಯ್ಲೆ ಇತ್ತು. ದಿನಾ ಸೂಜಿ ಚುಚ್ಚಿದ ಜಾಗಕ್ಕೆ ನನ್ನ ಬೊಟ್ಟು ಅಂಟುಸ್ಕಳದು. ನೋವು ಓಯ್ತದೆ ಕಣವ್ವ ಅನ್ನದು. ಆಮೇಲೆ ಕಿತ್ತು ಕನ್ನಡಿಗೆ ಅಂಟುಸೋದು. ಈಗ ಅವಳಿಲ್ಲ. ಬೊಟ್ಟು ಕನ್ನಡೀಲಿ ಅಂಗೇ ಅವೆ.”

ಇಳಿಯುವಾಗ ಆಕೆ ಪೇಪರನ್ನು ನೀಟಾಗಿ ಮಡಿಸಿ ಕೊಟ್ಟರು.

ನಮ್ಮ ಮನೆಯ ಕನ್ನಡಿಗೂ ಮಗಳು ಬೊಟ್ಟು ಅಂಟಿಸುತ್ತಾಳೆ. ಮೊದಲೆಲ್ಲ ಬೈದು ಕಿತ್ತು ಹಾಕುತ್ತಿದ್ದೆ. ಈಗ ಒರೆಸುವಾಗ ಬಟ್ಟೆಯನ್ನು ಅವುಗಳ ಸುತ್ತ ಆಡಿಸಿ ಬಿಟ್ಟುಬಿಡುತ್ತೇನೆ.