ಒಂದೇ ಕೆಲಸಕ್ಕೆ ಮೂರು ಪಗಾರ

ನಮ್ಮೂರು ಕುಂಭಾರಿಯಲ್ಲಿ ಒಬ್ಬೊಬ್ಬರಿಗೂ ಮೂರು ಪಗಾರ. ಲಗ್ನದ ಮಾತಿಗೆ ಬಂದವರೆದುರು ಹೇಳುವುದು ಒಂದು, ಕೈಗಡ ಕೇಳುವ ಭಾವನಿಗೆ ಹೇಳುವುದು ಇನ್ನೊಂದು, ನಿಜವಾಗಿ ಕೈಗೆ ಬರುವುದು ಮತ್ತೊಂದು. ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದರಲ್ಲಿ ಮಾಲು ಕಳಿಸುವ ವಿಭಾಗದ ಕೆಲಸ ನನಗೆ ಸಿಕ್ಕಂತೆಯೇ ಆಗಿತ್ತು. ಪಗಾರ ಎಷ್ಟು ಬೇಕೆಂದು ಸೋಮವಾರ ಬಂದು ಹೇಳು ಎಂದಿದ್ದರು ಮಾಲಕರು. ಕಡಿಮೆ ಹೇಳಿದರೆ ವರ್ಷಗಟ್ಟಲೆ ಅದರಲ್ಲೇ ಕೊಳೆಯಬೇಕು, ಹೆಚ್ಚು ಹೇಳಿದರೆ ಬಾಗಿಲು ತೋರಿಸುತ್ತಾರೆ. ಹಿಂದೆ ಇದೇ ಕೆಲಸವನ್ನು ಬೇರೆಡೆ ಮಾಡಿದ್ದೆನಾದರೂ, ಕಲಿಯುವವಳೆಂದು ಅರೆಪಗಾರಕ್ಕೆ. ನಿಜವಾದ ದರ ಗೊತ್ತಿರಲಿಲ್ಲ.

ಇದೇ ಕೆಲಸ ಮಾಡುವವರನ್ನು ಕೇಳಿದೆ. ಚಿಕ್ಕಮ್ಮನ ಮಗ "ಇಪ್ಪತ್ತೈದು ಸಾವಿರ" ಎಂದ. ಅವನಿಗೆ ಅಕ್ಕಲಕೋಟದಲ್ಲಿ ಹೆಣ್ಣು ನೋಡುತ್ತಿದ್ದರು. ಓಣಿಯ ಅಕ್ಕ "ಎಂಟು ಸಾವಿರನವ್ವಾ, ಬಸ್ಸಿಗೇ ಹೋಗತೈತಿ" ಎಂದಳು, ಹೊಸ ಬಳೆ ಸೆರಗಿನೊಳಗೆ ಎಳೆದುಕೊಳ್ಳುತ್ತ. ಸರಾಸರಿ ತೆಗೆಯುವಷ್ಟು ದಡ್ಡಿ ನಾನಲ್ಲ. ಎರಡು ಸುಳ್ಳು ಕೂಡಿಸಿ ಭಾಗಿಸಿದರೆ ನಿಜ ಹುಟ್ಟುವುದಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಒಂದು ಪಾಠ ಕಲಿತಿದ್ದೆ: ಸಾಕ್ಷಿ ಜಾರಿಕೊಂಡರೆ ಪ್ರಶ್ನೆ ಬದಲಿಸು.

"ನಿನ್ನ ಪಗಾರ ಬ್ಯಾಡ ಅಕ್ಕಾ. ಬಾಜೂ ಕಾರ್ಖಾನಿಯವ್ರು ಕರದ್ರ ಎಷ್ಟಕ್ಕ ಹೋಗ್ತಿ?"

"ಹದಿನಾರು ಕೊಟ್ರ ಇವತ್ತ ಹೋಗ್ತೀನಿ. ಹದಿನೈದಕ್ಕ ಯಾಕ ಹೋಗ್ಲಿ, ಅಷ್ಟು ಇಲ್ಲೇ..." ಅಲ್ಲಿಗೆ ಮಾತು ನುಂಗಿದಳು.

ಚಿಕ್ಕಮ್ಮನ ಮಗನಿಗೂ ಇದೇ ಪ್ರಶ್ನೆ ಹಾಕಿದೆ. ಅವನೂ ಹದಿನಾರಕ್ಕೇ ಜಿಗಿಯಲು ಸಿದ್ಧನಿದ್ದ.

"ಇಪ್ಪತ್ತೈದು ಬಿಟ್ಟು ಹದಿನಾರಕ್ಕ ಓಡ್ತೀಯೇನೋ?"

"ಬಾಯಿ ಮುಚ್ಚ ನಮ್ಮವ್ವ, ಬೀಗರ ಕಿವಿಗೆ ಬಿದ್ರ ಲಗ್ನ ಮುರೀತೈತಿ!"

ಸೋಮವಾರ ಮಾಲಕರ ಮುಂದೆ ಕೂತು "ಹದಿನಾರು ಸಾವಿರ್ರಿ" ಎಂದೆ.

"ಹನ್ನೊಂದು. ಸ್ವಂತ ಮನಿ, ಬಾಡಿಗಿ ಇಲ್ಲ, ಹಳ್ಳ್ಯಾಗಿರಾಕಿ ನಿನಗ್ಯಾಕವಾ ಅಷ್ಟು?"

"ಸ್ವಂತ ಮನಿ ಇದ್ದವ್ರಿಗೆ ನೀವು ಟವೆಲ್ ಕಡಿಮಿಗೆ ಮಾರ್ತೀರೇನ್ರಿ ಶೇಠ?"

ಅವರು ನಕ್ಕರು. "ಕೆಲಸಕ್ಕ ಬಂದೀಯೋ, ವಕೀಲಕಿಗೋ?"

"ಕೆಲಸಕ್ರಿ. ವಕೀಲಕಿ ಫೀ ಇನ್ನೂ ಜಾಸ್ತಿ ಆಗತೈತಿ. ಈ ರಸ್ತಾದಾಗ ಈ ಕೆಲಸಕ್ಕ ಹದಿನೈದು ನಡದೈತಿ, ಹದಿನಾರಕ್ಕ ಮಂದಿ ಜಾಗಾ ಬದಲಸ್ತಾರ. ಹನ್ನೊಂದಕ್ಕ ನನ್ನ ಇಟ್ಕೊಂಡ್ರ ಬಾಜೂದವ್ರು ಎತ್ಕೊಂಡ ಹೋಗ್ತಾರ. ಮತ್ತೊಬ್ಬಾಕಿಗೆ ಮೊದಲಿಂದ ಕಲಸೂದು ನಿಮಗೇ ತುಟ್ಟಿ, ಪರವಡಂಗಿಲ್ರಿ."

ಅವರು ಚಹಾ ಕುಡಿದು ಮುಗಿಸಿದರು. ನಾನು ಅಂಕಿ ಇಳಿಸಲಿಲ್ಲ.

"ಆತು, ಹದಿನಾರು. ಆದ್ರ ಹೊರಗ ಯಾರ್ ಮುಂದೂ ಹೇಳಬ್ಯಾಡ."

ಕೆಲಸ ಕೈಗೆ ಬಂದಿತ್ತು, ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲರೂ ಹೀಗೆ ತಲೆಯಾಡಿಸಿದ್ದಕ್ಕೇ ಅಲ್ಲವೇ, ಒಂದು ಅಂಕಿಗಾಗಿ ನಾನು ಊರೆಲ್ಲ ಪತ್ತೇದಾರಿಕೆ ಮಾಡಬೇಕಾದದ್ದು?

"ಅದೊಂದು ಆಗಂಗಿಲ್ರಿ."

"ಎಲ್ಲಾರೂ ಬಂದು ನನ್ನ ಮುಂದ ಕುಂತರ?"

"ಕುರ್ಚಿ ತರಸ್ರಿ."

"ಹೇಳ್ಕೋ ಹೋಗ ಪೋರಿ," ಎಂದರು ಲೋಟ ಸರಿಸುತ್ತ. "ನಿಮ್ಮೂರಾಗ ಯಾರು ನಂಬ್ತಾರ?"

ಪಗಾರ ಬಂದ ದಿನ ಬ್ಯಾಂಕಿನ ಮೆಸೇಜು ತೆರೆದು ಫೋನನ್ನು ಓಣಿಯ ಅಕ್ಕನ ಕೈಗೇ ಕೊಟ್ಟೆ. ಎರಡು ಸಲ ಓದಿದಳು. "ಇದನ್ನ ನನಗ ಕಳಸು," ಎಂದಳು, "ನಾಳಿ ನಮ್ಮ ಮಾಲಕನ ಕಡೆ ಹೋಗಾಕಿದೀನಿ."